ಕರುವಿನ ಪಾಲಿನ ಗಿಣ್ಣು

ಮಾಂಸಕ್ಕೆಂದು ದನ ಸಾಕುವವರಿಗೆ ಪಾಠ ಹೇಳುವುದು ನನ್ನ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಐರ್ಲೆಂಡಿನಲ್ಲಿ, ಟಾಲಾದಲ್ಲೋ ಕ್ಲಾಂಡಾಲ್ಕಿನ್‌ನಲ್ಲೋ ನಮ್ಮವರು ಸೇರಿದ ಕಡೆ ಇದನ್ನು ಹೇಳುವಷ್ಟರಲ್ಲಿ ಕೇಳಿದವರ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಗುತ್ತದೆ. ಊರಿನಲ್ಲಿ ಒಂಬತ್ತು ವರ್ಷ ದನದ ಡಾಕ್ಟರಾಗಿದ್ದೆ. ಗಂಡನಿಗೆ ಕಿಲ್ಕೆನ್ನಿಯ ದೊಡ್ಡಾಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಬಂದೆವು. ಇಲ್ಲಿ ಸೂಜಿ ಹಿಡಿಯಬೇಕಾದರೆ ಇನ್ನೊಂದು ಪರೀಕ್ಷೆ ಪಾಸಾಗಬೇಕು. ಅಲ್ಲಿಯವರೆಗೆ ಬಾಯಿ ಮಾತ್ರ ಆಡಿಸಬಹುದು. ಹಾಗಾಗಿ ಸಲಹೆ ಕೊಡುವ ಒಂದು ಕಂಪನಿಗೆ ಸೇರಿ, ಮಂಗಳವಾರ ಸಂಜೆ ಹಳ್ಳಿಯ ಹಾಲ್‌ನಲ್ಲಿ ಇಪ್ಪತ್ತು ಜನ ರೈತರ ಮುಂದೆ ನಿಂತು ಸ್ಲೈಡು ಒತ್ತುತ್ತೇನೆ.

ಆ ಸ್ಲೈಡುಗಳೆಂದರೆ ನನಗೆ ಹೇಸಿಗೆ. ಒಂದರಲ್ಲೂ ಸಗಣಿ ಇಲ್ಲ. ಹಸುಗಳು ಮದುವೆಗೆ ಹೊರಟ ಹಾಗಿರುತ್ತವೆ, ಹುಲ್ಲಿನ ಹಸಿರು ಕಣ್ಣು ಚುಚ್ಚುತ್ತದೆ. ಕೆಳಗೆ ನಾಲ್ಕು ಸಾಲು ಬುದ್ಧಿವಾದ, ಅದನ್ನು ಬರೆದವನು ಕರು ಎಳೆಯಲು ಒಂದು ದಿನವೂ ಅಂಗಿಯ ತೋಳು ಮಡಚಿದವನಲ್ಲ. ಕೇಳುವ ಗಂಡಸರು ಕೈಕಟ್ಟಿ ಕೂತು ಚಾವಣಿ ನೋಡುತ್ತಾರೆ. ಅರ್ಥವಾಯಿತೇ ಅಂದರೆ 'ಗ್ರ್ಯಾಂಡ್', ಪ್ರಶ್ನೆ ಇದೆಯೇ ಅಂದರೂ 'ಗ್ರ್ಯಾಂಡ್'. ಎಲ್ಲ ಸರಿಯಿದೆ ಅನ್ನಲು ಇಲ್ಲಿಯವರಿಗೆ ಅದೊಂದೇ ಪದ.

ಬರೆದುಕೊಳ್ಳುತ್ತಿದ್ದವರು ಒಬ್ಬರೇ. ಅರವತ್ತು ದಾಟಿದ ಹೆಂಗಸು, ಮುಂದಿನ ಸಾಲಿನ ತುದಿ ಕುರ್ಚಿ, ತೊಡೆಯ ಮೇಲೆ ನೀಲಿ ರಟ್ಟಿನ ನೋಟ್‌ಬುಕ್. ಗಂಡ ಹಿಂದಿನ ವರ್ಷ ತೀರಿಕೊಂಡಿದ್ದರು. ಹದಿನಾರು ಹಸು, ಅವುಗಳ ಕರು, ಒಂದಿಷ್ಟು ಗುಡ್ಡದ ಹುಲ್ಲುಗಾವಲು. ಗಂಡನ ತಮ್ಮ ಅದೇ ಹಾಲ್‌ನ ಹಿಂದಿನ ಸಾಲಲ್ಲಿ ಕೂರುತ್ತಿದ್ದ. ಹೆಂಗಸಿನ ಕೈಲಿ ದನ ನಡೆಯುವುದಿಲ್ಲ, ಜಮೀನು ತನಗೆ ಬಿಟ್ಟುಕೊಡಲಿ ಎಂಬುದು ಅವನ ವಾದ. ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಈ ವಸಂತದಲ್ಲಿ ಒಂದೂ ಕರು ಸಾಯದಿದ್ದರೆ ಅವನು ಆ ಮಾತು ಮತ್ತೆ ಎತ್ತಕೂಡದು. ಒಂದು ಸತ್ತರೂ ಶರತ್ಕಾಲದಲ್ಲಿ ಹಸುಗಳನ್ನು ಮಾರಬೇಕು. ಇದನ್ನು ಅವರು ನನಗೆ ಹೇಳಿದ್ದು ಹಾಲ್‌ನ ಹೊರಗೆ, ಕಾರಿನ ಬಾಗಿಲು ಹಿಡಿದುಕೊಂಡು.

ಜನವರಿಯಲ್ಲಿ ಗಿಣ್ಣುಹಾಲಿನ ಪಾಠ ಮಾಡಿದೆ. ಆ ದಿನ ಸ್ಲೈಡು ಬಂದ್ ಮಾಡಿ ಬಾಯಲ್ಲೇ ಹೇಳಿದೆ. ಕರು ಹುಟ್ಟುವಾಗ ಅದಕ್ಕೆ ರೋಗ ತಡೆಯುವ ಶಕ್ತಿ ಇರುವುದಿಲ್ಲ, ತಾಯಿಯ ಮೊದಲ ಹಾಲಿನಲ್ಲೇ ಅದು ಬರಬೇಕು. ಎರಡು ಗಂಟೆಯೊಳಗೆ ಹೊಟ್ಟೆಗೆ ಇಳಿಯಬೇಕು. ತಡವಾದಷ್ಟೂ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ. ಹಾಲು ಹೆಚ್ಚಿರುವ ನಿಮ್ಮದೇ ಹಸುವಿನಿಂದ ಕರೆದು, ಚಪ್ಪಟೆ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಬಿಸಿನೀರಿನಲ್ಲಿ ನಿಧಾನ ಕರಗಿಸಿ, ಕುದಿಸಬೇಡಿ. ಕೊನೆಯ ಹಸು ಕರು ಹಾಕುವವರೆಗೂ ಎರಡು ಚೀಲ ಇರಲೇಬೇಕು. 'ಇರಲೇಬೇಕು' ಅನ್ನುವಾಗ ಮೇಜು ಕುಟ್ಟಿದೆ. ಅವರು ನೀಲಿ ಪುಸ್ತಕದಲ್ಲಿ ಆ ಮಾತಿನ ಕೆಳಗೆ ಗೆರೆ ಎಳೆದುಕೊಂಡರು.

ಮಾರ್ಚ್‌ನಲ್ಲಿ ಅವರ ಕೊಟ್ಟಿಗೆ ನೋಡಲು ಹೋದೆ. ಹದಿಮೂರು ಕರು ಹುಟ್ಟಿದ್ದವು, ಹದಿಮೂರೂ ಬದುಕಿದ್ದವು. ಉಳಿದದ್ದು ಮೂರು ಕಡಸು, ಮೂರಕ್ಕೂ ಮೊದಲ ಸೂಲು. ನೆಲಕ್ಕೆ ಒಣ ಹುಲ್ಲು ಹಾಸಿತ್ತು, ಕರುಗಳ ಹೊಕ್ಕುಳಿಗೆ ಅಯೋಡಿನ್ ಬಿದ್ದಿತ್ತು. ನನ್ನ ಮಾತನ್ನು ಒಬ್ಬರಾದರೂ ಕೇಳಿದ್ದಾರೆ ಅಂತ ಎದೆ ಉಬ್ಬಿತು. ಅವರು ಫ್ರೀಜರ್ ತೆಗೆದು ತೋರಿಸಿದರು. ಬಟಾಣಿ ಪೊಟ್ಟಣದ ಪಕ್ಕ ಎರಡು ಚೀಲ, ಅರಿಸಿನ ಕಲೆಸಿದಂಥ ಬಣ್ಣ.

ನಾನು ಮಾಡಬಾರದ್ದನ್ನು ಮಾಡಿದ್ದು ಅಲ್ಲೇ. ಊರಲ್ಲಿ ದನ ಕರು ಹಾಕಿದರೆ ಡಾಕ್ಟರಿಗೆ ಒಂದು ಚೊಂಬು ಗಿಣ್ಣುಹಾಲು ಬರುತ್ತದೆ. ಕೇಳಬೇಕಾಗಿಲ್ಲ, ಬೈಕಿನ ಹ್ಯಾಂಡಲ್‌ಗೆ ನೇತುಹಾಕಿಯೇ ಕಳಿಸುತ್ತಾರೆ. ಒಂಬತ್ತು ವರ್ಷ ತಂದೆ, ತಿಂದೆ. ಕಟ್ಟಿಹಾಕಿದ ಕರು ಕೂಗುವುದನ್ನು ಕೇಳುತ್ತಲೇ ಚೊಂಬು ಈಸಿಕೊಂಡಿದ್ದೇನೆ. ಇಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು, ನಾಲಿಗೆಗೆ ಗಿಣ್ಣಿನ ರುಚಿ ತಾಗಿರಲಿಲ್ಲ.

"ನಮ್ಮ ಕಡೆ ಇದರಲ್ಲಿ ಸಿಹಿ ಮಾಡ್ತಾರೆ, ಬೆಲ್ಲ, ಏಲಕ್ಕಿ ಹಾಕಿ" ಅಂದೆ. ಸುಮ್ಮನೆ ಹೇಳಿದ್ದು ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಸುಮ್ಮನೆ ಅಲ್ಲ.

"ಹಾಗಾದ್ರೆ ತಗೊಂಡು ಹೋಗು" ಅಂದರು.

ಬೇಡ ಅಂದೆ. ಅವರು ಮತ್ತೆ ಕೊಟ್ಟರು. ಛೆ, ಬೇಡ ಅಂದೆ. ನಮ್ಮಲ್ಲಿ ಎರಡು ಸಲ ಬೇಡ ಅಂದು ಮೂರನೆಯ ಸಲ ತಗೊಳ್ಳುವುದು ಮರ್ಯಾದೆ. ಇಲ್ಲಿ ಮೂರು ಸಲ ಕೊಡುವುದು ಮರ್ಯಾದೆ. ಅವರು ಎರಡೂ ಚೀಲವನ್ನು ಪತ್ರಿಕೆಯಲ್ಲಿ ಸುತ್ತಿ ನನ್ನ ಕಾರಿನಲ್ಲಿಟ್ಟರು. 'ಇರಲೇಬೇಕು' ಅಂತ ಮೇಜು ಕುಟ್ಟಿದ ಕೈಯಲ್ಲೇ ಡಿಕ್ಕಿ ಮುಚ್ಚಿದೆ.

ಆ ಭಾನುವಾರ ಟಾಲಾದಿಂದ ಗಂಡನ ಸ್ನೇಹಿತರ ಕುಟುಂಬ ಊಟಕ್ಕೆ ಬಂದಿತ್ತು. ಜತೆಗೆ ಮೈಸೂರಿನಿಂದ ಬಂದಿದ್ದ ಅವರ ತಾಯಿ. ಆಕೆ ಕೂರುವ ಮೊದಲೇ ಶುರುಮಾಡಿದರು.

"ಅಷ್ಟೆಲ್ಲ ಓದಿ ಕಟುಕರಿಗೆ ಪಾಠ ಹೇಳ್ಕೊಡ್ತೀಯಂತಲ್ಲಮ್ಮ. ಬೇರೆ ಕೆಲಸ ಸಿಗಲಿಲ್ವಾ?"

"ರೈತರಿಗೆ ಆಂಟಿ, ಕಟುಕರಿಗಲ್ಲ."

"ಎಲ್ಲಾ ಒಂದೇ ಕಣಮ್ಮ. ಹೇಸಿಗೆ ಆಗಲ್ವಾ ನಿಂಗೆ?"

ಗಿಣ್ಣು ಬಂದಾಗ ಆಕೆಯ ಕಣ್ಣರಳಿತು. ಇದು ಯಾವ ದನದ್ದು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ತುಂಡು ತಿಂದು, ಮಗನಿಗೆ ಡಬ್ಬಿಗೆ ಹಾಕಿಸಿಕೊಳ್ಳುವಂತೆ ಸನ್ನೆ ಮಾಡಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಮನಸ್ಸಲ್ಲೇ ಬೈದುಕೊಂಡೆ. ನನ್ನ ತಟ್ಟೆಯಲ್ಲಿದ್ದದ್ದು ಮೂರನೆಯ ತುಂಡು.

ಆಗ ಫೋನ್ ಬಂತು. ಆ ರೈತಮ್ಮ. ಭಾನುವಾರ ತೊಂದರೆ ಕೊಟ್ಟಿದ್ದಕ್ಕೆ ಮೊದಲು ಕ್ಷಮೆ ಕೇಳಿದರು.

"ಒಂದು ಕಡಸು ಕರು ಹಾಕಿದೆ, ಅರ್ಧ ಗಂಟೆ ಆಯ್ತು. ಕೆಚ್ಚಲಲ್ಲಿ ಹಾಲೇ ಇಳಿದಿಲ್ಲ. ಫ್ರೀಜರ್‌ನಲ್ಲಿ ಇಲ್ದೇ ಇದ್ರೆ, ಅದರ ಮುಂದಿನ ದಾರಿ ಏನು?"

ಚೀಲದ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಪುಡಿಯ ಗಿಣ್ಣುಹಾಲು ಸಿಗುತ್ತದೆ ಅಂದೆ. ಅಂಗಡಿ ಮುಚ್ಚಿದೆ ಅಂದರು. ಹಾಗಾದರೆ ಪಕ್ಕದ ಹೈನಿನ ಫಾರ್ಮ್‌ಗೆ ಓಡಿ, ಕರುವನ್ನು ಬೆಚ್ಚಗಿಡಿ ಅಂದೆ. ಧನ್ಯವಾದ ಹೇಳಿ ಇಟ್ಟರು. ಒಳಗೆ ಬಂದೆ. ನನ್ನ ತುಂಡು ಅರ್ಧ ಉಳಿದಿತ್ತು. ಅದನ್ನೂ ತಿಂದೆ. ತಟ್ಟೆಯಲ್ಲಿ ಬಿಟ್ಟರೆ ಪಾಪ ಅಂತ ಬೆಳೆಸಿದ್ದಾರಲ್ಲ, ಆ ಪಾಪ ಮಾತ್ರ ನೆನಪಿತ್ತು.

ಪಕ್ಕದ ಫಾರ್ಮ್‌ನವರು ಮನೆಮಂದಿಯೆಲ್ಲ ಹರ್ಲಿಂಗ್ ಪಂದ್ಯಕ್ಕೆ ಹೋಗಿದ್ದರು. ಹಾಲು ಸಿಕ್ಕಿದ್ದು ಸಂಜೆ, ಕರು ಹುಟ್ಟಿ ಆರು ಗಂಟೆಯ ಮೇಲೆ. ಬುಧವಾರ ಫೋನ್ ಮಾಡಿ ಕೇಳಿದೆ, 'ಗ್ರ್ಯಾಂಡ್' ಅಂದರು. ಆ ಪದದ ಮೇಲೆ ನನಗೆ ನಂಬಿಕೆ ಇರಲಿಲ್ಲ, ಶುಕ್ರವಾರ ಹೋದೆ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಮುಚ್ಚಿತ್ತು. ಎತ್ತಿ ನೋಡಿದೆ. ಹಿಂಗಾಲಿಗೆ ಹಳದಿ ಭೇದಿ ಒಣಗಿ ಅಂಟಿತ್ತು, ಕಣ್ಣು ಗುಳಿಬಿದ್ದಿತ್ತು. ಸತ್ತ ದನ ಒಯ್ಯುವ ಲಾರಿ ಮಧ್ಯಾಹ್ನ ಬರುತ್ತದೆ ಅಂದರು. ಚಹಾ ಕುಡಿಯುತ್ತೀಯಾ ಅಂತಲೂ ಕೇಳಿದರು. ನನ್ನ ಬಾಯಲ್ಲಿ ಏಲಕ್ಕಿ ವಾಸನೆ ಎದ್ದು ಬಂತು, ಐದು ದಿನದ ಹಿಂದಿನದು.

ಕ್ಲಾಸಿನ ಕೊನೆಯ ಮಂಗಳವಾರಕ್ಕೆ ಮುಂಚಿನ ವಾರ ಒಂದು ರೂಢಿ ಇದೆ. ಪ್ರತಿಯೊಬ್ಬರೂ ಆ ವಸಂತದಲ್ಲಿ ತಾವು ಮಾಡಿದ ಒಂದು ತಪ್ಪು ಹೇಳಬೇಕು, ಉಳಿದವರು ಕಲಿಯಲಿ ಅಂತ. ಒಬ್ಬ ಗೂಳಿ ಆರಿಸುವಾಗ ಎಡವಿದ್ದ, ಇನ್ನೊಬ್ಬ ಹಸುಗಳನ್ನು ಅತಿಯಾಗಿ ಕೊಬ್ಬಿಸಿದ್ದ. ಅವರ ಸರದಿ ಬಂತು. ನೀಲಿ ಪುಸ್ತಕ ತೆರೆದು ಓದಿದರು.

"ಒಂದು ಕರು ಹೋಯ್ತು. ಫ್ರೀಜರ್‌ನಲ್ಲಿ ಮೊದಲ ಹಾಲು ಇಟ್ಟಿರಲಿಲ್ಲ. ಇಡಬೇಕು ಅಂತ ಮೇಡಂ ಹೇಳಿದ್ರು. ತಪ್ಪು ನನ್ನದೇ."

ಹಿಂದಿನ ಸಾಲಲ್ಲಿ ಅವರ ಮೈದುನ ಕಾಲು ಚಾಚಿ ಕೂತ. ಆ ಮುಖದ ನೆಮ್ಮದಿ ನೋಡಿ ನನಗೆ ಮೈ ಉರಿಯಿತು. ಅವನಿಗಿಂತ ಹೆಚ್ಚು ನನ್ನ ಮೇಲೇ ಉರಿಯಿತು. ಮುಂದಿನ ಸ್ಲೈಡಿನ ಮೇಲಿದ್ದ ಬೆರಳು ತೆಗೆದೆ.

"ಹಾಲು ಇತ್ತು" ಅಂದೆ. "ಎರಡು ಚೀಲ ಇತ್ತು. ನಾನು ಮನೆಗೆ ತಗೊಂಡು ಹೋದೆ. ಸಿಹಿ ಮಾಡಿ ತಿಂದೆವು. ತಪ್ಪು ಅವರದಲ್ಲ, ನನ್ನದು."

ಹಿಂದಿನಿಂದ ಮೈದುನ ಕೇಳಿದ, "ಹೇಗಿತ್ತು ರುಚಿ?"

ಗಂಡಸರೆಲ್ಲ ನಕ್ಕರು. ಚೆನ್ನಾಗಿತ್ತು ಅಂದೆ. ಇನ್ನೇನು ಹೇಳಲಿ, ಮೂರು ತುಂಡು ತಿಂದವಳು ನಾನು. ಕರು ಹೇಗೆ ಸತ್ತರೂ ಸತ್ತಿದ್ದು ಸತ್ತಿದ್ದೇ ಅಂದ ಮೈದುನ, ಒಪ್ಪಂದ ಒಪ್ಪಂದವೇ ಅಂದ. ರೈತಮ್ಮ ನಗಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ.

ಮುಂದಿನ ಮಂಗಳವಾರ, ಕೊನೆಯ ಕ್ಲಾಸಿಗೆ, ಅವರು ಬಂದರು. ಅದೇ ಮುಂದಿನ ಸಾಲು, ಅದೇ ತುದಿ ಕುರ್ಚಿ. ನಾನು ಮಾತಾಡಿದೆ, ಅವರು ಕೈಕಟ್ಟಿ ಕೂತು ಕೇಳಿದರು. ಪುಸ್ತಕ ತಂದಿರಲಿಲ್ಲ.