ಬೆನ್ನ ಹಿಂದಿನ ಎಡಗೈ

ಅವರ ಎಡಗೈ ಯಾವಾಗಲೂ ಬೆನ್ನ ಹಿಂದೆ ಇರುತ್ತಿತ್ತು. ಕರೆಂಟಿರುವ ಬೋರ್ಡು ಮುಟ್ಟುವಾಗ ಆ ಕೈಯನ್ನು ಹಿಂದೆ ಪ್ಯಾಂಟಿನ ಪಟ್ಟಿಗೆ ಸಿಗಿಸಿ, ಬಲಗೈ ಒಂದರಿಂದಲೇ ಸ್ಕ್ರೂ ತಿರುವುತ್ತಿದ್ದರು. ಎರಡೂ ಕೈ ಹಚ್ಚಿದರೆ ಕರೆಂಟು ಎದೆ ಹಾದು ಹೋಗುತ್ತದೆ ಎನ್ನುವುದು ಅವರ ಪಾಠ. "ಒಂದು ಕೈ ಕೆಲಸಕ್ಕ, ಒಂದು ಕೈ ನನಗ" ಅನ್ನುತ್ತಿದ್ದರು.

ಬಳ್ಳಾರಿಯ ನಮ್ಮ ಆಫೀಸಿಗೆ ಅವರು ಕರೆಂಟ್ ಮೇಸ್ತ್ರಿ. ನಾನು ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು, ಎಂಬತ್ತರ ದಶಕದ ಕೊನೆಗೆ ಅಲ್ಲಿ ಸೇರಿದವನು. ಕಂಪ್ಯೂಟರ್ ಕೋಣೆ ನನ್ನ ಸುಪರ್ದಿ. ಆರು ಮೇಜುಗಳ ಪರದೆಗಳಿಗೂ ಒಂದೇ ದೊಡ್ಡ ಕಂಪ್ಯೂಟರ್, ಅದಕ್ಕೆ ಡಿ.ಸಿ. ಕರೆಂಟು ಕೊಡುವ ಪವರ್ ಸಪ್ಲೈ ಪೆಟ್ಟಿಗೆಯೂ ಒಂದೇ. ಅದು ಕೆಟ್ಟರೆ ಆಫೀಸೇ ಬಂದ್. ಜೋಡಿಗೆ ಇನ್ನೊಂದು ಹುಡುಕಿ, ಅದಕ್ಕೆ ಬೇರೆ ಲೈನ್ ಎಳೆಯಿರಿ ಎಂದು ಸಾಹೇಬರು ಮೇಸ್ತ್ರಿಗೆ ಒಪ್ಪಿಸಿದರು.

ಬ್ರೂಸ್‌ಪೇಟೆಯ ರೇಡಿಯೋ ಅಂಗಡಿಗಳಲ್ಲಿ ನಕ್ಕು ಕಳಿಸಿದರು. ಕೊನೆಗೆ ಸಿರುಗುಪ್ಪದ ಕಾರ್ಖಾನೆಯೊಂದರಲ್ಲಿ ಮೂಲೆಗೆ ಬಿದ್ದಿದ್ದ ಅಂಥದೇ ಕಂಪ್ಯೂಟರಿನೊಳಗೆ ಸಿಕ್ಕಿತು. ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಕಂಡಕ್ಟರ್ "ಕೂಸೇನ್ರಿ?" ಅಂದನಂತೆ. "ಹೌದಪ್ಪ, ಟಿಕೇಟ್ ಕೇಳಬ್ಯಾಡ" ಅಂದರಂತೆ.

ಹೊಸ ಲೈನಿಗೆ ಗೋಡೆ ಕೊರೆಯಬೇಕು, ಎರಡು ದಿನ ಕೆಲಸ ನಿಲ್ಲುತ್ತದೆ. ಇದ್ದ ಲೈನೇ ಸಾಕೆಂದು ನಾನು ವಾದಕ್ಕಿಳಿದೆ.

"ಮೇಸ್ತ್ರಿ, ಎರಡೂ ಪೆಟ್ಟಿಗಿ ಒಮ್ಮೆಲೇ ಕೆಡೋದು ನೀವು ಕಂಡೀರೇನ್ರಿ?"

"ಕಂಡಿಲ್ಲ."

"ಮತ್ತ? ಇದೂ ದೃಷ್ಟಿಗೊಂಬಿ ಕಟ್ಟಿದಂಗ ಆತು."

"ಎರಡಕ್ಕೂ ಒಂದ ಲೈನ್ ಆದ್ರ, ಅವು ಎರಡು ಹೆಂಗ ಆದಾವಲೇ?"

ವೇದಿಕೆಯಲ್ಲಿ ಕಲಿತದ್ದನ್ನೇ ಮಾಡಿದೆ: ಪ್ರಶ್ನೆ ಬಿಟ್ಟು, ಕೇಳಿದವರನ್ನು ಹಿಡಿದೆ. "ನಿಮಗ ವಯಸ್ಸಾತ್ರಿ, ಅದಕ್ಕ ಅಂಜಿಕಿ."

ಮೇಸ್ತ್ರಿ ಗೋಡೆ ಕೊರೆಯುವ ಉಳಿಯನ್ನು ಚೀಲಕ್ಕೆ ಹಾಕಿದರು. ಆಮೇಲೆ ಎರಡನ್ನೂ ಇದ್ದ ಲೈನಿಗೇ ಜೋಡಿಸಿದರು.

ಒಂದು ಮಧ್ಯಾಹ್ನ ಆ ಲೈನಿನಲ್ಲಿ ವೋಲ್ಟೇಜ್ ಏಕಾಏಕಿ ಏರಿತು. ಎರಡೂ ಪೆಟ್ಟಿಗೆ ಸುಟ್ಟು, ಕಂಪ್ಯೂಟರೂ ಹೋಯಿತು. ಪಕ್ಕದ ಕೋಣೆಯ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಅದು ಬೇರೆ ಲೈನಿನದು.

"ಬ್ಯಾರೆ ಲೈನ್ ಯಾಕ ಎಳೀಲಿಲ್ಲ?" ಸಾಹೇಬರು ಕೇಳಿದರು. ಪರ ವಿರೋಧ ಎರಡೂ ಕಡೆ ನಿಂತು ಮಾತಾಡಬಲ್ಲ ನಾನು ನೆಲ ನೋಡುತ್ತಿದ್ದೆ. ಮೇಸ್ತ್ರಿ ಒಮ್ಮೆ ನನ್ನ ಕಡೆ ತಿರುಗಿ, "ನಂದ ತಪ್ಪುರಿ" ಅಂದರು. ಆ ವಾರವೇ ಅವರನ್ನು ಕೆಲಸದಿಂದ ತೆಗೆದರು.

ಮುಂದಿನ ವರ್ಷ ಕುರುಗೋಡಿನ ಅವರ ಮನೆಗೆ ಹೋದೆ. ನಡೆದದ್ದನ್ನೆಲ್ಲ ಬಿಚ್ಚಿ ಸಾಹೇಬರಿಗೆ ಬರೆದ ಪತ್ರ ಜೇಬಿನಲ್ಲಿತ್ತು. ಮೊದಲು ಮೇಸ್ತ್ರಿಗೆ ಓದಿ ಹೇಳಿ, ಆಮೇಲೆ ಕೊಡುವ ವಿಚಾರ. ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಎಡಗೈಯಿಂದ ಚಹದ ಲೋಟ ನನ್ನತ್ತ ಸರಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ.

"ಎತ್ತಿಟ್ಟ ಕೈ ನೋಡಲೇ ಇದು. ಈಗ ಇದ ದುಡಿತೈತಿ." ಆಮೇಲೆ ಕೇಳಿದರು, "ಬ್ಯಾರೆ ಲೈನ್ ಎಳಿಸಿದೇನು?"

"ಎಳಿಸೀನ್ರಿ."

"ಮತ್ತ ಮುಗೀತು."

ಮುಗಿದಿರಲಿಲ್ಲ. ನನ್ನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು; ಪತ್ರ ಓದಲೂ ಇಲ್ಲ, ಸಾಹೇಬರಿಗೆ ಕೊಡಲೂ ಇಲ್ಲ. ಆ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಆಫೀಸಿನ ಫೈಲಿನಲ್ಲಿ ಇಂದಿಗೂ ತಪ್ಪು ಅವರದೇ.