ಅಣ್ಣನ ಉಪ್ಪುನೀರಿನ ತೊಟ್ಟಿ

ಶಟರ್ ರಿಪೇರಿಯವನು ಬೆಳಿಗ್ಗೆ ಎದ್ದು ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮುಂಚೆ ಮೀನಿನ ತೊಟ್ಟಿಯ ಮುಂದೆ ಹೋಗಿ ನಿಲ್ಲಬೇಕಿತ್ತು. ಇದು ಅವನು ಕೇಳಿ ತಂದುಕೊಂಡ ಕೆಲಸವಲ್ಲ, ತಲೆಗೆ ಬಂದು ಬಿದ್ದದ್ದು. ಹಿಂದಿನ ದಿನ ಯಾವುದೋ ಬಟ್ಟೆ ಅಂಗಡಿಯ ಕಚ್ಚಿಕೊಂಡ ಶಟರಿಗೆ ಭುಜ ಕೊಟ್ಟು ನಿಂತ ನೋವು ಇನ್ನೂ ಹಾಗೇ ಇರುತ್ತಿತ್ತು. ಕಣ್ಣು ಬಿಡಲಾಗದಷ್ಟು ನಿದ್ದೆ. ಆದರೂ ಪೆನ್ನಿನಂಥ ಆ ಪಿಎಚ್ ಮೀಟರನ್ನು ನೀರಿಗೆ ಅದ್ದಿ ಅಂಕಿ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಪುಟ್ಟ ಗಾಜಿನ ಶೀಶೆಗೆ ತೊಟ್ಟಿಯ ನೀರು ಹಿಡಿದು, ಅದಕ್ಕೆ ಬಣ್ಣದ ಔಷಧಿಯನ್ನು ಒಂದೊಂದೇ ಹನಿ ಬಿಟ್ಟು ಅಲುಗಿಸಬೇಕು. ನೀಲಿ ಹೋಗಿ ಹಳದಿ ಬರುವಷ್ಟರಲ್ಲಿ ಎಷ್ಟು ಹನಿ ಬಿತ್ತೋ, ನೀರಿನಲ್ಲಿ ಅಷ್ಟು ಕ್ಷಾರ. ಪಿಎಚ್ ಅಂದರೆ ನೀರು ಈಗ ಹುಳಿಯ ಕಡೆ ವಾಲಿದೆಯೋ ಸೌಳಿನ ಕಡೆಯೋ ಅನ್ನುವ ಲೆಕ್ಕ. ಕ್ಷಾರ ಅಂದರೆ ಹುಳಿ ಬಂದು ಮೇಲೆ ಬಿದ್ದರೆ ತಡೆದುಕೊಳ್ಳೋಕೆ ನೀರಿಗಿರುವ ತಾಕತ್ತು. ಎರಡೂ ಬೇರೆ ಬೇರೆ. ಎರಡನ್ನೂ ನೋಡಬೇಕು. ಅಣ್ಣ ಹಾಗೇ ನೋಡುತ್ತಿದ್ದ.

ತೊಟ್ಟಿ ಅಣ್ಣನದು. ಹಡಗಿನ ಎಂಜಿನ್ ರೂಮಿನಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುತ್ತಾ ಅರ್ಧ ಆಯುಸ್ಸು ಕಳೆದು, ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ, ಕೊನೆಗೊಂದು ದಿನ ಟ್ರಂಕು ಹಿಡಿದು ಈ ತಮ್ಮನ ಮನೆಗೆ ಬಂದವನು ಅವನು. ಬಂದವನೇ ನಡುಮನೆಯ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ ಇಟ್ಟು ಉಪ್ಪುನೀರು ತುಂಬಿದ. ಜೀವಮಾನವೆಲ್ಲ ಉಪ್ಪುನೀರಲ್ಲಿ ಬಿದ್ದಿದ್ದು ಸಾಲದೇ, ಮನೆಗೂ ತಂದೆಯಾ ಅಂತ ತಮ್ಮ ರೇಗಿದ್ದ. ಅಣ್ಣ ನಕ್ಕುಬಿಟ್ಟ. ಹಡಗಿನಲ್ಲಿ ತಾನು ಸಮುದ್ರ ನೋಡಿದ್ದೇ ಕಡಿಮೆ, ಇದ್ದದ್ದೆಲ್ಲ ನೀರಿನ ಮಟ್ಟಕ್ಕಿಂತ ಕೆಳಗೆ ಕಬ್ಬಿಣದ ಡಬ್ಬಿಯೊಳಗೆ, ಈಗಲಾದರೂ ಕೂತು ನೋಡುತ್ತೇನೆ ಅಂದ.

ತೊಟ್ಟಿಯೊಳಗೆ ಕಿತ್ತಳೆ ಬಣ್ಣದ ಪಟ್ಟೆಮೀನು ಒಂದು ಜೋಡಿ, ಬಸವನಹುಳು ನಾಲ್ಕಾರು, ನಡುವೆ ಒಂದು ಹವಳ. ಹೆಬ್ಬೆಟ್ಟಿನಷ್ಟಿದ್ದ ತುಂಡನ್ನು ತಂದು ಕಲ್ಲಿಗೆ ಅಂಟಿಸಿ, ವರ್ಷಗಟ್ಟಲೆ ಕಾದು, ಎರಡು ಅಂಗೈ ಸೇರಿಸಿದಷ್ಟಗಲ ಬೆಳೆಸಿದ್ದ ಅಣ್ಣ. ಹಸಿರು ಬೆರಳುಗಳು, ಬೆರಳ ತುದಿಯಲ್ಲಿ ಚಿನ್ನದ ಬೊಟ್ಟು. ನೀರು ಅಲುಗಿದರೆ ಅವೂ ಅಲುಗುತ್ತಿದ್ದವು. ಹೆಂಗಸರು ಅದನ್ನು ನೋಡಿ ಹೂವು ಅನ್ನುತ್ತಿದ್ದರು, ಅಣ್ಣ ಅಲ್ಲಮ್ಮ ಪ್ರಾಣಿ ಅನ್ನುತ್ತಿದ್ದ. ಆ ವಾದ ಮುಗಿದದ್ದೇ ಇಲ್ಲ.

ಆಮೇಲೆ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಎಳೆದಾಡುವ ಹಾಗಾಯಿತು. ಮಾತು ಪೂರ್ತಿ ಹೋಗಲಿಲ್ಲ, ಹೋಗಿದ್ದರೇ ವಾಸಿಯಿತ್ತೇನೋ ಅನ್ನುವ ಹಾಗೆ ಅರ್ಧ ಉಳಿಯಿತು. ಒಂದೊಂದು ಮಾತನ್ನೂ ಆಳದ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ ಎಳೆಯಬೇಕು. ನಡುವೆ ಹಗ್ಗ ಜಾರಿದರೆ ಮತ್ತೆ ಮೊದಲಿಂದ. ತಲೆ ಮಾತ್ರ ಮೊದಲಿನ ಹಾಗೇ ಚುರುಕು. ಅವನ ಮಂಚವನ್ನು ನಡುಮನೆಗೇ ತಂದು ಹಾಕಿದರು. ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ, ಹಾಸಿಗೆ ಹಿಡಿದರೆ ಮುಗಿಯಿತು, ದಿನಾ ನಡೆಯಲೇಬೇಕು ಅಂದಿದ್ದಳು. ಯಾರು ಎಬ್ಬಿಸಿದರೂ ಏಳದ ಅಣ್ಣ ಹವಳಕ್ಕೋಸ್ಕರ ಮಾತ್ರ ಎದ್ದ. ಬೆಳಿಗ್ಗೆ ತೊಟ್ಟಿಯ ದೀಪ ಹತ್ತಿದರೆ ಗೋಡೆ ಹಿಡಿದುಕೊಂಡು ಮಂಚದಿಂದ ಕುರ್ಚಿಗೆ ಹೋಗುತ್ತಿದ್ದ. ಹವಳ ಬೆರಳು ಬಿಚ್ಚಿದ್ದರೆ ಸಂಜೆವರೆಗೆ ಅಲ್ಲೇ. ಮುದುಡಿಕೊಂಡ ದಿನ ಅರ್ಧ ದಾರಿಯಿಂದಲೇ ವಾಪಸು ಬಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಅಣ್ಣ ಎದ್ದು ಓಡಾಡುವುದು ಆ ಹವಳದ ಮೇಲೆ ನಿಂತಿದೆ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಅದಕ್ಕೇ ಈ ಚಾಕರಿ ಶಟರಿನವನ ಪಾಲಿಗೆ ಬಂದದ್ದು.

ಬೀದಿಯವರು ಅವನಿಗೆ ಕುಕ್ಕರ್ ಅಂತ ಹೆಸರಿಟ್ಟಿದ್ದರು. ಒಳಗೆ ಏನು ಬೇಯುತ್ತಿದೆ ಅಂತ ತಿಳಿಯುವ ಮೊದಲೇ ಸೀಟಿ. ಕೆಟ್ಟವನಲ್ಲ, ಯಾರದ್ದೇ ಅಂಗಡಿ ಬಾಗಿಲು ಸಿಕ್ಕಿಕೊಂಡರೂ ತಿನ್ನುವ ತಟ್ಟೆ ಬಿಟ್ಟು ಓಡುವವನು. ಆದರೆ ಎದುರಿನವರು ಮಾತು ಮುಗಿಸುವಷ್ಟು ಪುರುಸೊತ್ತು ಅವನಿಗೆ ಯಾವತ್ತೂ ಇರಲಿಲ್ಲ. ಅರ್ಧ ಕೇಳಿ ಉಳಿದರ್ಧ ತಾನೇ ಹೇಳಿಬಿಡುತ್ತಿದ್ದ. ಶಟರಿನ ಕೆಲಸದಲ್ಲಿ ಅದು ನಡೆಯುತ್ತದೆ. ಸ್ಪ್ರಿಂಗೋ, ಪಟ್ಟಿಯೋ, ಬೀಗವೋ, ಹೆಚ್ಚೆಂದರೆ ಮೂರೇ ರೋಗ. ಅಣ್ಣನ ಹತ್ತಿರವೂ ಅದೇ ಚಾಳಿ. ಅಣ್ಣ "ಬಿ..." ಅನ್ನುವಷ್ಟರಲ್ಲಿ ಬಿಸಿನೀರು ಬರುತ್ತಿತ್ತು. ಅಣ್ಣನಿಗೆ ಬೇಕಾದದ್ದು ಬಿಸಿಲಿಗೆ ಕುರ್ಚಿ ಸರಿಸುವುದಾದರೂ ಬಿಸಿನೀರನ್ನೇ ಕುಡಿಯುತ್ತಿದ್ದ. ಇನ್ನೊಂದು ಸಲ ಕೊಡ ಎಳೆಯುವ ಶಕ್ತಿ ಯಾರಿಗಿದೆ.

ಚಳಿಗಾಲ ಶುರುವಾದಾಗ ಅಣ್ಣನಿಗೆ ಕೆಮ್ಮು ಬಂತು. ಶಟರಿನವನು ಅವತ್ತೇ ನಡುಮನೆಯ ಕಿಟಕಿ ಮುಚ್ಚಿ, ಸಂದುಗಳಿಗೆಲ್ಲ ಅಗಲದ ಕಂದು ಟೇಪು ಹಚ್ಚಿ, ಮೇಲಿಂದ ದಪ್ಪನೆ ಹಳೇ ಕಂಬಳಿ ಇಳಿಬಿಟ್ಟ. ಇರುವೆಗೂ ದಾರಿಯಿಲ್ಲ ಅಂತ ಹೆಮ್ಮೆ ಪಟ್ಟ. ಅಡುಗೆಮನೆಯ ಬಾಗಿಲು ತೆರೆಯುವುದೂ ನಡುಮನೆಗೇ. ಗ್ಯಾಸ್ ಒಲೆ ಉರಿಯುವುದು, ಮೂರು ಜನ ಉಸಿರಾಡುವುದು, ಎಲ್ಲ ಒಂದೇ ಡಬ್ಬಿಯೊಳಗೆ. ಬೆಳಿಗ್ಗೆ ಎದ್ದರೆ ತಲೆ ಭಾರ. ಹೆಂಡತಿ ಅದನ್ನು ಹೇಳಹೋದಳು. ನಿನಗೆ ಕನ್ನಡಕ ಬದಲಾಯಿಸಬೇಕು ಅಂತ ಅವನು ಮಾತು ಮುಗಿಸಿದ.

ಆ ವಾರದಿಂದಲೇ ಪೆನ್ನಿನ ಅಂಕಿ ಇಳಿಯತೊಡಗಿತು. ಎಂಟರ ಮೇಲೆ ಇರಬೇಕಾದ ಪಿಎಚ್ ಎಂಟರಿಂದ ಕೆಳಗೆ ಬಂತು. ಹವಳದ ಬೆರಳು ಗಿಡ್ಡವಾದವು. ಅಣ್ಣ ಕುರ್ಚಿಯಲ್ಲಿ ಕೂತು ಎಡಗೈ ಎತ್ತಿ "ಕಿಟ... ಕಿಟಕಿ..." ಅಂದ. "ಮುಚ್ಚಿದೀನಿ ಅಣ್ಣ, ಗಾಳಿ ಬರಲ್ಲ, ನೀನು ಸುಮ್ನೆ ಕೂತ್ಕೋ" ಅಂತ ತಮ್ಮ ಇನ್ನೊಂದು ಪಟ್ಟಿ ಟೇಪು ಹಚ್ಚಿದ.

ಸಾಕುವ ಮೀನಿನಂಗಡಿಯವನ ಹತ್ತಿರ ಹೋಗಿ ಪಿಎಚ್ ಇಳಿದಿದೆ ಏನಾದರೂ ಕೊಡು ಅಂದ. ಅಂಗಡಿಯವನು ಒಂದು ಡಬ್ಬಿ ಪುಡಿ ಕೊಟ್ಟು, ಇದು ಕ್ಷಾರ ಏರಿಸುತ್ತೆ ಸಾರ್, ಹಾಕೋದಕ್ಕೆ ಮುಂಚೆ ಹನಿ ಬಿಟ್ಟು ನೋಡಿ, ಯಾಕೆಂದರೆ ಅಂತ ಶುರು ಮಾಡಿದ್ದ. ಯಾಕೆಂದರೆ ಅನ್ನುವಷ್ಟರಲ್ಲಿ ಶಟರಿನವನು ಸ್ಕೂಟರಿಗೆ ಒದ್ದಾಗಿತ್ತು.

ಹನಿ ಎಣಿಸುವುದನ್ನು ಅವನು ಆಗಲೇ ಬಿಟ್ಟಿದ್ದ. ಪೆನ್ನು ಅದ್ದಿದರೆ ಅಂಕಿ ಬರುತ್ತದೆ, ಆ ನೀಲಿ ಹಳದಿ ನಾಟಕ ಯಾರಿಗೆ ಬೇಕು. ದಿನಾ ಬೆಳಿಗ್ಗೆ ಪುಡಿ ಕಲಸಿ ಸುರಿದ. ಸುರಿದ ಹೊತ್ತಿಗೆ ಅಂಕಿ ಏರುತ್ತಿತ್ತು, ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಗುತ್ತಿತ್ತು. ಸಂಜೆ ಬಂದು ಅದ್ದಿದರೆ ಮತ್ತೆ ಮೊದಲಿದ್ದಲ್ಲಿಗೇ ಇಳಿದು ನಿಂತಿರುತ್ತಿತ್ತು. ಮತ್ತೆ ಸುರಿದ. ನೀರು ಬಿಸಿಮಾಡುವ ಕಡ್ಡಿಯ ಮೇಲೆ ಬಿಳಿ ಹಕ್ಕಳೆ ಕಟ್ಟಿತು. ಪಂಪು ಗೊರಗೊರ ಅಂದು ನಿಂತಾಗ ಬಿಚ್ಚಿ ನೋಡಿದರೆ ಒಳಗೆಲ್ಲ ಸುಣ್ಣ. ಅದನ್ನು ಕೆರೆದು ತೊಳೆದು ಕೂರಿಸುವಷ್ಟರಲ್ಲಿ ಕೆಲಸಕ್ಕೆ ತಡವಾಗಿ ಗಿರಾಕಿಗಳ ಬೈಗುಳ. ಮನೆಗೆ ಬಂದರೆ ಗೋಡೆ ಕಡೆ ತಿರುಗಿದ ಅಣ್ಣನ ಬೆನ್ನು. ಅವನಿಗೆ ಯಾರ ಮೇಲೆ ಸಿಟ್ಟು ಮಾಡಬೇಕು ಅಂತಲೂ ತಿಳಿಯದಷ್ಟು ಸುಸ್ತು. ಸಿಟ್ಟಿಗೂ ಒಂದಷ್ಟು ತ್ರಾಣ ಬೇಕಲ್ಲ. ಇದ್ದಷ್ಟನ್ನು ಹೆಂಡತಿಯ ಮೇಲೆ ಖರ್ಚು ಮಾಡಿದ.

ಅವಳು ಪಾತ್ರೆ ಒರೆಸುತ್ತಾ ತಣ್ಣಗೆ ಅಂದಳು: "ಊರವರ ಶಟರೆಲ್ಲ ಎತ್ತಿಕೊಡ್ತೀರಿ. ಭಾವ ಬಾಯಿ ತೆಗೆದ್ರೆ ಮಾತ್ರ ಎಳೆದು ಬೀಗ ಹಾಕ್ತೀರಿ."

ಅವನಿಗೆ ಅದು ನಾಟಲಿಲ್ಲ. ಆ ಹೊತ್ತಿಗೆ ಅವನ ಕಣ್ಣು ತೊಟ್ಟಿಯ ಮೇಲಿತ್ತು. ಹವಳದ ಒಂದು ಬದಿ ಬೆರಳೇ ಇಲ್ಲದೆ ಬೋಳಾಗಿ, ಒಳಗಿನ ಬಿಳಿ ಕಲ್ಲು ಕಾಣುತ್ತಿತ್ತು.

ಮಾರನೆಯ ದಿನ ರಜೆ. ಇವತ್ತು ಇದಕ್ಕೊಂದು ಗತಿ ಕಾಣಿಸುತ್ತೇನೆ ಅಂತ ಹಲ್ಲು ಕಚ್ಚಿ, ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಒಂದೇ ಚೊಂಬಿನಲ್ಲಿ ಕಲಸಿ ಒಮ್ಮೆಗೇ ಸುರಿದುಬಿಟ್ಟ. ಕಣ್ಣ ಮುಂದೆಯೇ ತೊಟ್ಟಿಯೆಲ್ಲ ಹಾಲು ಹುಯ್ದ ಹಾಗಾಯಿತು. ಮೀನು ಕಾಣದು, ಕಲ್ಲು ಕಾಣದು. ಅವನು ಖಾಲಿ ಚೊಂಬು ಹಿಡಿದು ನಿಂತ.

ಹಿಂದೆ ನೆಲದ ಮೇಲೆ ಕಾಲೆಳೆಯುವ ಸದ್ದಾಯಿತು. ಅಣ್ಣ ಮಂಚ ಬಿಟ್ಟು, ಗೋಡೆಯನ್ನೂ ಹಿಡಿಯದೆ ಬರುತ್ತಿದ್ದ. ಬಂದವನೇ ಎಡಗೈಯಲ್ಲಿ ತಮ್ಮನ ಅಂಗಿಯ ಎದೆ ಭಾಗವನ್ನು ಹಿಡಿದುಕೊಂಡ. ಬೀಳದಿರುವುದಕ್ಕೆ ಹಿಡಿದನೋ ಹೊಡೆಯುವುದಕ್ಕೋ, ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ.

"ಕಿಟ..."

"ಮುಚ್ಚಿದೀನಿ ಅಂತ ಎಷ್ಟು ಸಲ..."

"ಮು... ಮುಗಿ... ಸಕ್ಕೆ... ಬಿಡೋ."

ತಮ್ಮನ ಬಾಯಿ ಮುಚ್ಚಿತು. ಅಣ್ಣನನ್ನು ಕುರ್ಚಿಗೆ ಕೂರಿಸಿ, ತಾನು ಎದುರಿಗೆ ಬಕೆಟ್ಟು ಬೋರಲು ಹಾಕಿ ಕೂತ. ಅಣ್ಣ ಶುರು ಮಾಡಿದ. ನಿಂತ. ಮತ್ತೆ ಶುರು ಮಾಡಿದ. ಅಡುಗೆಮನೆಯಲ್ಲಿ ಕಾಫಿಗೆ ಇಟ್ಟ ನೀರು ಸುಯ್ ಅನ್ನತೊಡಗಿ, ಕುದಿದು, ಹೆಂಡತಿ ಒಲೆ ಆರಿಸಿ ಬಾಗಿಲಿಗೆ ಬಂದು ನಿಂತರೂ ಆ ಮಾತು ಮುಗಿದಿರಲಿಲ್ಲ. ಶಟರಿನವನ ನಾಲಿಗೆ ತುರಿಸುತ್ತಿತ್ತು. ಮುಂದಿನ ಪದ ಇದೇ ಅಂತ ಹತ್ತು ಸಲ ಅನ್ನಿಸಿತು, ಹತ್ತು ಸಲವೂ ಅದಾಗಿರಲಿಲ್ಲ. ತೊಡೆಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತ. ಇಂಥ ಭಾರದ ಶಟರನ್ನು ಅವನು ಜನ್ಮದಲ್ಲಿ ಎತ್ತಿರಲಿಲ್ಲ.

"ಕಿಟಕಿ... ತೆಗಿ. ರೋಗ... ನೀರಿಗಲ್ಲ. ರೂಮಿಗೆ. ಎಂಜಿನ್... ರೂಮಲ್ಲಿ... ಮೊದ್ಲು... ಗಾಳಿ... ನೋಡ್ತಿದ್ವಿ."

ನಾವು ಬಿಟ್ಟ ಉಸಿರು ಹೊರಗೆ ಹೋಗಲು ದಾರಿಯಿಲ್ಲದೆ ನೀರಿಗೆ ಇಳಿಯುತ್ತದೆ, ಇಳಿದು ಹುಳಿಯಾಗುತ್ತದೆ, ಅದಕ್ಕೆ ಪುಡಿ ಸುರಿದರೆ ಕ್ಷಾರ ಏರೀತೇ ಹೊರತು ಪಿಎಚ್ ನಿಲ್ಲುವುದಿಲ್ಲ ಅನ್ನುವುದನ್ನು ಅಣ್ಣ ಇನ್ನೂ ಅಷ್ಟೇ ಹೊತ್ತು ತೆಗೆದುಕೊಂಡು ಹೇಳಿದ. ಶೀಶೆ ತಾ ಅಂತ ಸನ್ನೆ ಮಾಡಿದ. ತಮ್ಮ ಹನಿ ಬಿಡುತ್ತಾ ಹೋದ. ನೀಲಿ ಹೋಗಲೊಲ್ಲದು. ಅಣ್ಣ ಆರೋಗ್ಯವಾಗಿದ್ದಾಗ ಬೀಳುತ್ತಿದ್ದ ಹನಿಗಿಂತ ದುಪ್ಪಟ್ಟು ಬಿದ್ದ ಮೇಲೆ ಹಳದಿ ಬಂತು.

"ಮೊದ್ಲೇ ಹೇಳಬಾರದಿತ್ತಾ ಅಣ್ಣ?"

ಅಣ್ಣ ಬಾಯಿಯ ಎಡ ಅರ್ಧದಲ್ಲಿ ನಕ್ಕ. ಬಾಗಿಲಲ್ಲಿದ್ದ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಟೇಪು ಬಿಡಿಸುವುದಕ್ಕೆ ಅರ್ಧ ದಿನ ಹಿಡಿಯಿತು, ಅಷ್ಟು ಚೆನ್ನಾಗಿ ಹಚ್ಚಿದ್ದ. ಅಂಟಿನ ಜೊತೆ ಬಣ್ಣವೂ ಕಿತ್ತು ಬಂತು. ಕಿಟಕಿ ತೆರೆದಾಗ ತಣ್ಣನೆಯ ಗಾಳಿಯ ಜೊತೆ ಬೀದಿಯ ಸದ್ದು, ಪಕ್ಕದ ಮನೆಯ ಒಗ್ಗರಣೆ ವಾಸನೆ ಎಲ್ಲ ಒಳಗೆ ಬಂದವು. ಆ ಕಂಬಳಿಯನ್ನೇ ಅಣ್ಣನಿಗೆ ಹೊದಿಸಿ, ತಲೆಗೊಂದು ಉಣ್ಣೆ ಟೋಪಿ ಹಾಕಿದರು. ಸಂಜೆಗೆ ಪೆನ್ನಿನ ಅಂಕಿ ಏನೂ ಹಾಕದೆಯೇ ಸ್ವಲ್ಪ ಮೇಲೆ ಬಂದಿತ್ತು, ಬಂದದ್ದು ಅಲ್ಲೇ ನಿಂತಿತು. ಶಟರಿನವನು ಮೀನಿನಂಗಡಿಗೆ ಹೋಗಿ ಸ್ಕೂಟರ್ ಆರಿಸಿ, ಕೈ ಕಟ್ಟಿ ನಿಂತು, ಅವತ್ತಿನ ಆ ಯಾಕೆಂದರೆಯನ್ನು ಕೊನೆವರೆಗೂ ಕೇಳಿ ಬಂದ. ಇನ್ನು ಪುಡಿ ಮುಟ್ಟಬಾರದು, ದಿನಕ್ಕೆ ಎರಡು ಬಕೆಟ್ಟು ಹಳೇ ನೀರು ತೆಗೆದು ಹೊಸ ಉಪ್ಪುನೀರು ಹಾಕಬೇಕು, ಕ್ಷಾರ ನಿಧಾನವಾಗಿ ಇಳಿಯಬೇಕು, ಒಮ್ಮೆಗೇ ಇಳಿದರೂ ಹವಳ ಸಾಯುತ್ತದೆ.

ನಿಧಾನ. ಅವನಿಗೆ ಒಗ್ಗದ ಪದ. ಕೆಲಸದಿಂದ ಬಂದು, ಕೈಯ ಗ್ರೀಸು ತೊಳೆದು, ಉಪ್ಪು ಕಲಸಿ, ಬಕೆಟ್ಟು ಎತ್ತಿದ. ಮರುದಿನವೂ ಎತ್ತಿದ. ಹಾಲಿನಂತಿದ್ದ ನೀರು ತಿಳಿಯಾಗಿ ಮೀನಿನ ಜೋಡಿ ಮತ್ತೆ ಕಂಡಿತು. ಹವಳದ ಒಂದು ಬದಿ ಸತ್ತೇಹೋಯಿತು, ಬಿಳೀ ಕಲ್ಲಾಗಿ ಉಳಿಯಿತು, ಅದರ ಮೇಲೆ ಪಾಚಿ ಹತ್ತಿತು. ಇನ್ನೊಂದು ಬದಿ ಬಹಳ ದಿನ ಯೋಚನೆ ಮಾಡಿ, ಒಂದು ಬೆಳಿಗ್ಗೆ ಒಂದಿಷ್ಟು ಬೆರಳು ಹೊರಗೆ ಹಾಕಿತು. ಅಣ್ಣ ಗೋಡೆ ಹಿಡಿದು ಕುರ್ಚಿವರೆಗೂ ಬಂದ, ವಾಪಸು ಹೋಗಲಿಲ್ಲ.

ಶಟರಿನವನು ಅವನ ಪಕ್ಕದಲ್ಲೇ ಶೀಶೆಗೆ ಹನಿ ಬಿಡುತ್ತಿದ್ದ. ಜೇಬಿನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಯಾರದ್ದೋ ಶಟರು ಅರ್ಧಕ್ಕೆ ನಿಂತಿರಬೇಕು. ಅಣ್ಣ ಏನೋ ಹೇಳಲು ಬಾಯಿ ತೆರೆದ. ಶಟರಿನವನು ಫೋನಿನ ಸದ್ದು ಅಡಗಿಸಿ, ಶೀಶೆ ಕೆಳಗಿಟ್ಟು ಕಾದ. ಟೋಪಿ ಬೇಕಾ, ಕಾಫಿ ಬೇಕಾ, ಕಿಟಕಿ ಮುಂದೆ ಮಾಡಬೇಕಾ, ಯಾವುದನ್ನೂ ಕೇಳಲಿಲ್ಲ.

"ಕೂತ್ಕೋ... ಸ್ವಲ್ಪ," ಅಂದ ಅಣ್ಣ, ತುಂಬಾ ಹೊತ್ತಿನ ಮೇಲೆ. "ಸುಸ್ತಾ...ಗಿದೀಯ."

ಅವನು ಬಕೆಟ್ಟು ಬೋರಲು ಹಾಕಿ ಕೂತ.