ಎಸ್ತರವ್ವನ ರೈಟ್ ಮಾರ್ಕು

ಟಿಂಚರಿನ ವಾಸನೆ ಬಂದರೆ ಬೇರೆಯವರಿಗೆ ಮೊಣಕಾಲಿನ ಗಾಯ ನೆನಪಾಗಬಹುದು. ನನಗೆ ಬೈಬಲ್ ನೆನಪಾಗುತ್ತದೆ. ಇದು ತರ್ಕಕ್ಕೆ ಸಿಗುವ ಮಾತಲ್ಲ, ಒಪ್ಪುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ಯಾರಾದರೂ ವಾಸನೆಯನ್ನು ಸಾಕ್ಷಿ ಎಂದು ಮುಂದಿಟ್ಟಿದ್ದರೆ ಎರಡೇ ಪ್ರಶ್ನೆಯಲ್ಲಿ ಕೂರಿಸುತ್ತಿದ್ದೆ. ಆದರೆ ಹೋದ ತಿಂಗಳು ಒಂದು ಸಂಜೆ ಹಳೆಯ ಟವಲಿನಲ್ಲಿ ಸುತ್ತಿದ ಗಂಟೊಂದು ನನ್ನ ಮಡಿಲಿಗೆ ಬಂತು. ಬಿಚ್ಚಿದೆ. ಕಪ್ಪು ರಟ್ಟಿನ ದಪ್ಪ ಪುಸ್ತಕ, ಹಾಳೆಗಳ ನಡುವಿನಿಂದ ಇಣುಕುವ ಬ್ಯಾಂಡೇಜ್ ಬಟ್ಟೆಯ ಪಟ್ಟಿ, ಆ ಪಟ್ಟಿಯಲ್ಲಿ ಇನ್ನೂ ಉಳಿದಿದ್ದ ವಾಸನೆ. ಈಗ ಇಲ್ಲದ ಒಂದು ಮನೆಯ ಬಾಗಿಲು ತೆರೆದುಕೊಂಡಿತು.

ಚಿತ್ತವಾಡ್ಗಿಯಲ್ಲಿ ನಮ್ಮ ಮನೆಗೂ ಎಸ್ತರವ್ವನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವಳದು ಎರಡು ಕೋಣೆಯ ಮನೆ, ಮುಂದೊಂದು ಕಲ್ಲಿನ ಕಟ್ಟೆ, ಕಟ್ಟೆಯ ಪಕ್ಕ ಒಂದು ಕರಿಬೇವಿನ ಗಿಡ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೂ ಓಣಿಯ ಗಾಯಗಳೆಲ್ಲ ಅವಳ ಕಟ್ಟೆಗೇ ಬರುತ್ತಿದ್ದವು. ನಮ್ಮದು ವಿಭೂತಿ, ಇಷ್ಟಲಿಂಗದ ಮನೆ. ಆದರೂ ಶಾಲೆ ಬಿಟ್ಟ ಕೂಡಲೇ ಅಜ್ಜಿ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದಳು, ಯಾಕೆಂದರೆ ನನ್ನ ಪ್ರಶ್ನೆಗಳಿಗೆ ಅವಳ ತಲೆ ಚಿಟ್ಟು ಹಿಡಿಯುತ್ತಿತ್ತು. "ಅಕಿ ದೇವ್ರು ಅಕೀಗೆ, ನಮ್ ದೇವ್ರು ನಮ್ಗ. ನೀ ಅಲ್ಲಿ ಕುಂತು ಗಣಿತ ಮಾಡ್ಕೊಂಡ್ ಬಾ" ಎನ್ನುತ್ತಿದ್ದಳು. ನಾನು ಮಾಡುತ್ತಿದ್ದದ್ದು ಗಣಿತವಲ್ಲ, ಜಗಳ.

ಎಸ್ತರವ್ವ ಬೈಬಲ್ ಓದುವ ರೀತಿಯನ್ನು ನಾನು ಮತ್ತೆಲ್ಲೂ ನೋಡಿಲ್ಲ. ಸಂಜೆ ಐದಕ್ಕೆ ಕಿಟಕಿಯ ಪಕ್ಕ ಕೂತು, ಕನ್ನಡಕ ಏರಿಸಿ, ನಾಲ್ಕೋ ಐದೋ ಸಾಲು ಗಟ್ಟಿಯಾಗಿ ಓದುವಳು. ಆಮೇಲೆ ಪುಸ್ತಕ ಮುಚ್ಚಿ, "ಇದು ನನ್ ಕಡಿಂದ ಏನ್ ಕೇಳ್ತೈತಿ?" ಎಂದು ತನ್ನನ್ನೇ ಕೇಳಿಕೊಳ್ಳುವಳು. ಕೇಳಿದ್ದನ್ನು ಮಾಡಿ ಮುಗಿಸಿದ ಮೇಲಷ್ಟೇ ಆ ಸಾಲುಗಳ ಪಕ್ಕ ಪೆನ್ಸಿಲ್ಲಿನಿಂದ ಒಂದು ರೈಟ್ ಮಾರ್ಕು; ಆಮೇಲಷ್ಟೇ ಪುಟದ ಗುರುತಿಗೆ ಇಟ್ಟ ಬ್ಯಾಂಡೇಜ್ ಪಟ್ಟಿ ಮುಂದಕ್ಕೆ. ಒಮ್ಮೆ ಸೆರೆಮನೆಯವರನ್ನು ನೋಡಬೇಕೆಂಬ ಮಾತು ಬಂತು. ಬಾಳೆಹಣ್ಣು ಹಿಡಿದು ಜೈಲಿಗೆ ಹೋದಳು, ಪೊಲೀಸಪ್ಪ ಬಾಗಿಲಲ್ಲೇ ತಿರುಗಿಸಿ ಕಳಿಸಿದ. ಮೂರು ದಿನ ಯೋಚಿಸಿ, ಕಾಲು ಮುರಿದುಕೊಂಡು ಎರಡು ತಿಂಗಳಿಂದ ಹೊಸಿಲು ದಾಟದ ಹಿಂದಿನ ಓಣಿಯ ಮುದುಕಿಯ ಹತ್ತಿರ ಅದೇ ಹಣ್ಣು ಒಯ್ದಳು. ಹಣ್ಣು ಅಷ್ಟರಲ್ಲಿ ಕಪ್ಪಾಗಿದ್ದವು. ಮಾರ್ಕು ಬಿತ್ತು.

ನಾನು ಬಿಡುತ್ತಿದ್ದೆನೇ? ಸಾಸಿವೆ ಎಲ್ಲ ಬೀಜಗಳಿಗಿಂತ ಸಣ್ಣದು ಎಂದು ಅವಳು ಓದಿದ ದಿನ ಮನೆಗೆ ಓಡಿ ಅಜ್ಜಿಯ ಡಬ್ಬಿಯಿಂದ ಚಿಟಿಕೆ ಗಸಗಸೆ ತಂದು ಅವಳ ಅಂಗೈಗೆ ಸುರಿದೆ. "ನೋಡು. ಇದು ಇನ್ನೂ ಸಣ್ಣದು. ನಿನ್ ಪುಸ್ತಕ ತಪ್ಪು." ಎಸ್ತರವ್ವ ಅಂಗೈಯನ್ನು ಕನ್ನಡಕದ ಹತ್ತಿರ ತಂದು ಬಹಳ ಹೊತ್ತು ನೋಡಿದಳು. "ಹೌದಲ್ಲೇ ವಕೀಲಿ. ಖರೇನ ಸಣ್ಣದೈತಿ. ಆದ್ರ ಒಗ್ಗರಣ್ಯಾಗ ಚಟಪಟ ಅನ್ನೋದು ಯಾವ್ದು ಹೇಳು?" ನಾನು ಹತ್ತು ವರ್ಷದವಳು, ಅದು ಉತ್ತರವೇ ಅಲ್ಲ ಎಂದು ಗೊತ್ತಿತ್ತು, ಆದರೆ ಎಲ್ಲಿ ತಪ್ಪಿದೆ ಎಂದು ತೋರಿಸಲು ಆಗದೆ ಅತ್ತುಬಿಟ್ಟೆ. ಇನ್ನೊಂದು ಸಂಜೆ, ಯೇಸು ತನ್ನ ಶಿಷ್ಯರ ಕಾಲು ತೊಳೆದ ಭಾಗ ಬಂದಾಗ, ಅವಳ ಕೈಗೆ ಸಿಕ್ಕಿದ್ದು ನನ್ನ ಕಾಲುಗಳೇ. ಸಂಡೂರಿನ ಅದಿರು ಲಾರಿಗಳ ಧೂಳು ಕುಡಿದು ಮೊಣಕಾಲವರೆಗೆ ಕೆಂಪಾಗಿದ್ದ ಕಾಲು. ಬೋಗುಣಿಯಲ್ಲಿ ಬೆಚ್ಚಗಿನ ನೀರು, ನರ್ಸಿನ ಗಟ್ಟಿ ಬೆರಳು, ನನ್ನ ಕಚಗುಳಿ, ನಗು. ಬೋಗುಣಿ ಮಗುಚಿ ನನ್ನ ಗಣಿತದ ನೋಟ್‌ಬುಕ್ ತೊಯ್ದಿತು. "ಮಾರ್ಕ್ ಹಾಕ್ಲೋ ಬ್ಯಾಡೋ?" ಎಂದು ಅವಳು ಗಂಭೀರವಾಗಿ ಕೇಳಿದಳು.

ತಪ್ಪು ಹುಡುಕುವುದು ಆಗ ನನ್ನ ಪೂರ್ಣಾವಧಿ ಉದ್ಯೋಗ. ಅವಳು ಚಹಾಕ್ಕೆ ಇಡಲು ಒಳಗೆ ಹೋದಾಗಲೆಲ್ಲ ಪುಟ ತಿರುವುತ್ತಿದ್ದೆ. ಹೀಗೆ ಒಂದು ದಿನ ಮೊದಲ ಸುವಾರ್ತೆಯಲ್ಲಿ ಒಂದು ಜಾಗ ಸಿಕ್ಕಿತು. ಮೇಲೆ, ಕೆಳಗೆ, ಎಲ್ಲ ಸಾಲುಗಳ ಪಕ್ಕವೂ ಮಾರ್ಕುಗಳಿದ್ದವು. ಅಲ್ಲಿ ಮಾತ್ರ ಇಲ್ಲ. ಇಲ್ಲ ಎಂದರೆ ತಪ್ಪು. ಹಾಕಿ ಅಳಿಸಿ, ಮತ್ತೆ ಹಾಕಿ ಅಳಿಸಿ, ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ದೇವರಿಗೆ ಕಾಣಿಕೆ ಕೊಡಲು ಹೋದವನಿಗೆ ಒಡಹುಟ್ಟಿದವನ ಜೊತೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಿ ಬರಬೇಕು ಎನ್ನುವ ಭಾಗ ಅದು.

"ಎಸ್ತರವ್ವ, ಇಲ್ಲಿ ಯಾಕ ಮಾರ್ಕ್ ಇಲ್ಲ?"

"ಕಣ್ಣು ತಪ್ಪಿರ್ಬೇಕು."

"ಕಣ್ಣು ತಪ್ಪಿದ್ರ ಅಳಿಸಿದ್ದು ಯಾರು? ನಿನಗ ಅಕ್ಕ ಅದಾಳಲ್ಲ, ಕಂಪ್ಲ್ಯಾಗ? ಪಟ್ಟಿ ಹೆಂಗ ಮುಂದ ಹೋತು? ನೀ ಮೋಸ ಮಾಡೀದಿ."

ಅವಳ ಕೈಯಲ್ಲಿದ್ದ ಲೋಟ ಬಸಿಯ ಮೇಲೆ ಟಕ್ಕೆಂದಿತು. "ಮನೀಗ್ ಹೋಗು" ಎಂದಳು. ವಾದ ಗೆದ್ದೂ ಮೊದಲ ಸಲ ತಲೆ ತಗ್ಗಿಸಿ ಮನೆಗೆ ಬಂದೆ. ನಾಲ್ಕು ಸಂಜೆ ಆ ಬಾಗಿಲು ನನಗೆ ತೆರೆಯಲಿಲ್ಲ. ಕಾರಣವನ್ನು ಅಜ್ಜಿ ಹೇಳಿದಳು: ಎಸ್ತರವ್ವನ ಅಪ್ಪ ಊರೂರು ತಿರುಗಿ ಸುವಾರ್ತೆ ಹೇಳುವ ಉಪದೇಶಿ, ಹಾರ್ಮೋನಿಯಂ ಒಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಪಾಪಿನಾಯಕನಹಳ್ಳಿ, ದರೋಜಿ ಅಂತ ಹೋಗುತ್ತಿದ್ದನಂತೆ. ಅವನು ತೀರಿಕೊಂಡ ಮೇಲೆ ತನ್ನ ಮಗಳ ಮದುವೆಗೆಂದು ಅದನ್ನು ಒಯ್ದ ಅಕ್ಕ ರೂತವ್ವ ವಾಪಸು ಕೊಡಲಿಲ್ಲ. ಕೇಳಲು ಹೋದ ತಂಗಿಯನ್ನು ಒಳಗೂ ಕರೆಯಲಿಲ್ಲ. ಅಲ್ಲಿಗೆ ಮಾತು ನಿಂತು ಹನ್ನೊಂದು ವರ್ಷ.

ಐದನೆಯ ದಿನ, ಶನಿವಾರ, ಎಸ್ತರವ್ವ ಬಿಳಿ ಸೀರೆಯುಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದಳು. "ಯವ್ವಾ, ನಿಮ್ಮ ವಕೀಲೀನ ಕಂಪ್ಲೀಗೆ ಕರ್ಕೊಂಡ್ ಹೋಗ್ತೀನ್ರಿ. ಒಬ್ಬಾಕಿನ ಹೋದ್ರ ನಡು ದಾರ್ಯಾಗ ಇಳದ್ಬಿಡ್ತೀನಿ." ನಿಜವಾಗಿಯೂ ಬಸ್ಸು ಕಮಲಾಪುರ ಮುಟ್ಟಿದಾಗ ಎದ್ದು ನಿಂತಳು. ನಾನು ಸೆರಗು ಹಿಡಿದು ಕೂರಿಸಿದೆ. ಕಬ್ಬು, ಬಾಳೆ, ಭತ್ತದ ಗದ್ದೆಗಳು ಕಿಟಕಿಯಲ್ಲಿ ಹಿಂದೆ ಸರಿಯುತ್ತಿದ್ದವು. ಅವಳು ತುಟಿ ಅಲುಗಿಸುತ್ತಿದ್ದಳು. ಪ್ರಾರ್ಥನೆಯೋ, ಅಕ್ಕನಿಗೆ ಹೇಳಬೇಕಾದ ಬೈಗುಳದ ತಾಲೀಮೋ, ಇವತ್ತಿಗೂ ನನಗೆ ಗೊತ್ತಿಲ್ಲ.

ರೂತವ್ವ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ತಲೆ ಎತ್ತಿದಳು, ಏಳಲಿಲ್ಲ.

"ಹನ್ನೊಂದು ವರ್ಷ ಬಸ್ ಸಿಗ್ಲಿಲ್ಲೇನು?"

"ಸೀಟ್ ಇರ್ಲಿಲ್ಲ" ಎಂದಳು ಎಸ್ತರವ್ವ.

ಇಬ್ಬರೂ ನಗಲಿಲ್ಲ. ನಾನು ನಕ್ಕೆ, ತಡೆಯಲಾಗದೆ. ಆಗ ರೂತವ್ವ ನನ್ನ ಕಡೆ ನೋಡಿ, "ಈ ಕ್ವಾಟ್ಲಿ ಹುಡುಗಿ ಯಾರ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಕೌದಿಯಲ್ಲಿ ಸುತ್ತಿದ್ದ ಹಾರ್ಮೋನಿಯಂ ಅನ್ನು ಎತ್ತಿ ತಂದು ತಂಗಿಯ ಮುಂದಿಟ್ಟಳು. ಅದರ ಗಾಳಿ ತುಂಬುವ ತಿದಿಯನ್ನು ಇಲಿಗಳು ತಿಂದು ಜಾಳಿಗೆ ಮಾಡಿದ್ದವು. "ಮದುವಿ ಆದ ವರ್ಷಾನ ಹಿಂಗಾತು. ಅಪ್ಪನ ಪೆಟ್ಟಿಗಿ ಇಲಿಗೆ ಕೊಟ್ಟೆ ಅಂತ ಯಾವ ಬಾಯ್ಲೆ ಹೇಳ್ಲಿ? ಕೊಡಾಂಗಿಲ್ಲ ಅಂದ್ರ ಸಿಟ್ಟು ಮಾಡ್ತಿ, ತೋರ್ಸಿದ್ರ ಅಳ್ತಿ. ಅಳೋದಕಿಂತ ಸಿಟ್ಟ ಬೇಷ್ ಅನ್ಕಂಡೆ." ಎಸ್ತರವ್ವ ಅತ್ತಳು, ಇಲಿಗಳಿಗೆ ಶಾಪ ಹಾಕಿದಳು, ರೂತವ್ವ ಹುಣಸೆ ಕೈಯಲ್ಲೇ ತಂಗಿಯ ಮುಖ ಒರೆಸಿದಳು. ಅದಾದ ಮೇಲೆ ಇಬ್ಬರೂ ಚಾಪೆ ಹಾಸಿ ಕೂತು, ಒಬ್ಬಳು ಗಾಳಿಯಿಲ್ಲದ ತಿದಿ ಒತ್ತುತ್ತ, ಇನ್ನೊಬ್ಬಳು ದನಿಯಿಲ್ಲದ ಸ್ವರದ ಮನೆಗಳ ಮೇಲೆ ಬೆರಳಾಡಿಸುತ್ತ, ಅಪ್ಪನ ಹಾಡುಗಳನ್ನು ಮಧ್ಯಾಹ್ನವೆಲ್ಲ ಹಾಡಿದರು. ಟಕಟಕ ಎನ್ನುವ ಮರದ ಸದ್ದು, ಎರಡು ಮುದಿ ಕಂಠ. ಅಷ್ಟು ಸೊಗಸಾದ ಕಚೇರಿ ನಾನು ಕೇಳಿಲ್ಲ.

ಮರುದಿನ ಎಸ್ತರವ್ವ ಪೆನ್ಸಿಲ್ ನನ್ನ ಕೈಗಿಟ್ಟಳು. "ನೀನ ಹಾಕು."

"ನಾ ನಂಬಾಂಗಿಲ್ಲಲ್ಲ."

"ನಂಬು ಅಂದ್ನೇನು? ಸಾಕ್ಷಿ ಹಾಕು ಅಂದೆ. ನನ್ ಮಾರ್ಕು ನಾನ ಹಾಕ್ಕಂಡು ಎಷ್ಟ್ ಸಲ ಅಳಿಸ್ಲಿ?"

ಒತ್ತಿ ಹಾಕಿದೆ. ತೆಳ್ಳಗಿನ ಕಾಗದ ಹರಿದು ತೂತಾಯಿತು. ನಾನು ಪೆನ್ಸಿಲ್ ಕೆಳಗಿಟ್ಟೆ, ಅವಳು ತೂತಿನಲ್ಲಿ ಹಿಂದಿನ ಪುಟವನ್ನು ಇಣುಕಿ ನೋಡಿ, "ಇದನ್ನ ಇನ್ನ ಯಾರೂ ಅಳ್ಸಂಗಿಲ್ಲ ಬಿಡು" ಎಂದು ನಕ್ಕಳು.

ಈಗ ಆ ಮನೆ ಇದ್ದಲ್ಲಿ ಸಿಮೆಂಟಿನ ಗೋದಾಮು. ಕರಿಬೇವಿನ ಗಿಡವಿಲ್ಲ, ಕಟ್ಟೆಯಿಲ್ಲ, ನಮ್ಮ ಅಜ್ಜಿ ಇಲ್ಲ. ಎಸ್ತರವ್ವ ಕೊನೆಯ ದಿನಗಳನ್ನು ಕಂಪ್ಲಿಯಲ್ಲಿ ಅಕ್ಕನ ಮನೆಯಲ್ಲೇ ಕಳೆದು ಹೋದ ವರ್ಷ ತೀರಿಕೊಂಡಳು. ನಾನು ಆಗ ಬೇರೆ ಊರಿನಲ್ಲಿ ಯಾವುದೋ ವೇದಿಕೆಯ ಮೇಲೆ ನಿಂತು, ದೇವರು ಬೇಕೋ ಬೇಡವೋ ಎಂದು ಬೇಡದ ಪಕ್ಷದಲ್ಲಿ ವಾದಿಸಿ ಕಪ್ ಗೆಲ್ಲುತ್ತಿದ್ದೆ. ಆ ವಾದದ ಒಂದು ಮಾತನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಬಹುಮಾನ ತೋರಿಸಿ ಅಣಕಿಸಬೇಕಾಗಿದ್ದ ಎದುರಾಳಿಯೇ ಇರಲಿಲ್ಲ.

ಗಂಟು ತಂದವಳು ರೂತವ್ವ. ಎಂಬತ್ತು ದಾಟಿದ ಮುದುಕಿ, ಬಸ್ಸಿಳಿದು ಆಟೋ ಸಿಗದೆ ನಮ್ಮ ಮನೆಯ ತನಕ ನಡೆದೇ ಬಂದಿದ್ದಳು. "ವಕೀಲೀಗೆ ಕೊಡು ಅಂದಿದ್ಲು" ಎಂದು ಕುರ್ಚಿಗೆ ಕುಸಿದಳು. ಪಟ್ಟಿ ಇದ್ದಲ್ಲಿ ಪುಸ್ತಕ ತೆರೆದೆ. ಕಾಲು ತೊಳೆದ ಭಾಗ. ಪಕ್ಕದಲ್ಲಿ ಒಂದು ಹಳೆಯ ಮಾರ್ಕು, ನನ್ನ ಕಾಲಿನದು. ಎಸ್ತರವ್ವ ಮತ್ತೆ ಮೊದಲಿನಿಂದ ಓದತೊಡಗಿದ್ದ ಹೊಸ ಸುತ್ತಿನ ಮಾರ್ಕು ಇರಲಿಲ್ಲ. ಅಷ್ಟರಲ್ಲಿ ಕಾಯಿಲೆ ಬಿದ್ದಿದ್ದಳು. ರೂತವ್ವನ ಕಾಲು ನೋಡಿದೆ, ಕಣಕಾಲಿನ ತನಕ ಕೆಂಪು ಧೂಳು. ಒಳಗೆ ಹೋಗಿ ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ನೆಲದ ಮೇಲೆ ಕೂತೆ.

"ಏನ್ ಮಾಡಾಕತ್ತಿ ಲೇ?"

"ಸುಮ್ನ ಕುಂದ್ರು ರೂತವ್ವ."

ತೊಳೆದು, ಆ ಹಳೆಯ ಟವಲಿನಿಂದಲೇ ಒರೆಸಿ, ಪುಸ್ತಕವನ್ನೂ ಪೆನ್ಸಿಲ್ಲನ್ನೂ ಅವಳ ಕೈಗೆ ಕೊಟ್ಟೆ. ಅವಳಿಗೆ ಪದ್ಧತಿ ಗೊತ್ತಿತ್ತು. ನನ್ನ ಮುಖವನ್ನೇ ನೋಡಿದಳು.

"ಈಗರ ನಂಬ್ತೀಯೇನು?"

"ಇಲ್ಲ."

"ಹಂಗಾದ್ರ ಸಣ್ಣದು ಹಾಕ್ತೀನಿ" ಎಂದು ಹಳೆಯ ಮಾರ್ಕಿನ ಪಕ್ಕ ಬಹಳ ಜೋಕೆಯಾಗಿ ಹಾಕಿದಳು. ಗಸಗಸೆಯಷ್ಟು.